ನಾಲ್ಕನೇ ಹಾಸಿಗೆಯ ಸದ್ದು

ವೈದ್ಯ ಪರೀಕ್ಷೆಗೆ ಬಂದ ಒಂಬತ್ತನೆಯ ಹುಡುಗ ಸ್ಟೆತಾಸ್ಕೋಪನ್ನು ರೋಗಿಯ ಎದೆಗೆ ಮುಟ್ಟಿಸುವ ಮೊದಲೇ ತಲೆಯಾಡಿಸತೊಡಗಿದ. ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ ಹೆಂಡತಿಗೆ ಅದು ಕಂಡಿತು. ಅಂಗಿ ಬಿಚ್ಚಿ ನಾಲ್ಕನೇ ಹಾಸಿಗೆಯ ಮೇಲೆ ಒರಗಿದ್ದ ಗಂಡನಿಗೂ ಕಂಡಿರಬೇಕು. ಆದರೆ ಅವನು ಸನ್ಮಾನಕ್ಕೆ ಕೂತವನ ಹಾಗೆ ಸೂರು ನೋಡುತ್ತ ಮುಗುಳುನಗುತ್ತಿದ್ದ.

"ಬಲಗಡೆ ಎರಡನೇ ಪಕ್ಕೆಲುಬಿನ ಹತ್ರ ಒರಟು ಮರ್ಮರ ಸಾರ್. ಗರಗಸ ಎಳೆದ ಹಾಗೆ. ಕತ್ತಿನವರೆಗೂ ಹೋಗ್ತಿದೆ," ಎಂದು ಹುಡುಗ ಒಂದೇ ಉಸಿರಿಗೆ ಒಪ್ಪಿಸಿದ.

"ಭೇಷ್," ಎಂದರು ಪ್ರೊಫೆಸರು. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಕೈಯಲ್ಲಿದ್ದ ಅಚ್ಚಿನ ಹಾಳೆಯಲ್ಲಿ ಅದೇ ಸಾಲು ಹುಡುಕಿ ಸರಿ ಗುರುತು ಹಾಕಿದರು. ಬೆಳಿಗ್ಗೆಯಿಂದ ಅವರು ರೋಗಿಯ ಎದೆ ಮುಟ್ಟಿರಲಿಲ್ಲ. ಮುಟ್ಟುವ ಅಗತ್ಯವೂ ಇರಲಿಲ್ಲ. ಆ ಹಾಳೆ ಹನ್ನೊಂದು ವರ್ಷಗಳ ಹಿಂದೆ ಬರೆದದ್ದು. ಪ್ರತಿ ವರ್ಷ ಮೇಲಿನ ತಾರೀಖು ಮಾತ್ರ ಬದಲಾಗುತ್ತಿತ್ತು.

ವಿಶ್ವವಿದ್ಯಾಲಯದ ಹೆಸರಿನಡಿ ಏಳು ಆಸ್ಪತ್ರೆಗಳಿದ್ದವು. ಪ್ರತಿಯೊಂದರ ಬಾಗಿಲ ಮೇಲೂ ಕಲಿಕೆ, ಸಂಶೋಧನೆ, ಆರೈಕೆ ಎಂಬ ಮೂರು ಪದಗಳನ್ನು ಹಿತ್ತಾಳೆಯಲ್ಲಿ ಕೂರಿಸಿದ್ದರು. ಈ ಹಳೆಯ ಕಟ್ಟಡದಲ್ಲಿ ಗೋಡೆ ಸಾಲದೆ ಬಂದು, ಮೂರನೆಯ ಪದವನ್ನು ಮೂಲೆಯಾಚೆಗೆ ತಿರುಗಿಸಿದ್ದರು. ಒಳಗೆ ಬರುವವರಿಗೆ ಅದು ಕಾಣುತ್ತಿರಲಿಲ್ಲ.

ಗಂಡ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಹೃದಯದ ಒಂದು ಕವಾಟ ಬಿಗಿಯಾಗುತ್ತಿದೆಯೆಂದು ಹನ್ನೊಂದು ವರ್ಷಗಳ ಹಿಂದೆ ಗೊತ್ತಾದಾಗ ಪ್ರೊಫೆಸರು ಭುಜ ತಟ್ಟಿ, "ಯಜಮಾನ್ರೇ, ಪುಸ್ತಕದಲ್ಲಿರೋ ಥರಾನೇ ಸದ್ದು!" ಎಂದಿದ್ದರು. ಅಂದಿನಿಂದ ಪ್ರತಿ ಪರೀಕ್ಷೆಗೂ ಕರೆ ಬರುತ್ತಿತ್ತು. ಐದನೇ ವರ್ಷ ಕುಲಪತಿಗಳ ಸಹಿಯಿದ್ದ ಪ್ರಶಸ್ತಿಪತ್ರವನ್ನೂ ಕೊಟ್ಟರು. ಅದು ಮನೆಯ ನಡುಗೋಡೆಯಲ್ಲಿತ್ತು. ಮದುವೆಯ ಫೋಟೋ ಬೀರುವಿನ ಹಿಂದಕ್ಕೆ ಹೋಗಿತ್ತು.

ಈ ವರ್ಷ ಉಸಿರು ಕಟ್ಟತೊಡಗಿತು. ಗಾಜಿನ ಸೇತುವೆಯಾಚೆಗಿನ ಶಸ್ತ್ರಚಿಕಿತ್ಸೆಯ ಆಸ್ಪತ್ರೆಯಲ್ಲಿ ಸರ್ಜನ್ ಒಬ್ಬರು ಪರೀಕ್ಷಿಸಿ, ತಡಮಾಡದೆ ಕವಾಟ ಬದಲಿಸಬೇಕು, ನಿಮ್ಮ ಪ್ರೊಫೆಸರ ಸಹಿ ತನ್ನಿ ಎಂದು ಒಂದು ಕಾಗದ ಕೊಟ್ಟರು. ಪ್ರೊಫೆಸರು ಅದನ್ನು ಓದಿ ನಕ್ಕರು. "ಪರೀಕ್ಷೆ ಒಂದು ಮುಗೀಲಿ ಯಜಮಾನ್ರೇ. ಹೊಸ ಕವಾಟ ಹಾಕಿಬಿಟ್ರೆ ಇಂಥಾ ಸದ್ದು ನಮ್ಮ ಮಕ್ಕಳಿಗೆ ಎಲ್ಲಿ ಸಿಗುತ್ತೆ?"

"ಮಕ್ಕಳ ವಿದ್ಯೆಗೆ ನಾನು ಅಡ್ಡ ಬರ್ತೀನಾ ಸಾರ್?" ಎಂದಿದ್ದ ಗಂಡ.

ಅಂದು ಮನೆಯ ಹನ್ನೆರಡು ಮೆಟ್ಟಿಲು ಹತ್ತಲು ಅವನು ಮೂರು ಸಲ ಕೂತ. "ನಿಮ್ಮೆದೆ ಏನು ಅವರಪ್ಪನ ಆಸ್ತಿನಾ?" ಎಂದು ಕೇಳಿದಳು ಅವಳು.

"ಸುಮ್ನಿರೇ, ನಿಂಗೇನು ಗೊತ್ತು. ಏಳು ಆಸ್ಪತ್ರೇಲೂ ಇಂಥದ್ದು ಇರೋದು ಒಂದೇ."

ನಾಲ್ಕು ತಿಂಗಳಿನಿಂದ ಆ ಕಾಗದ ಅವಳ ಕೈಚೀಲದಲ್ಲಿತ್ತು.

ಹತ್ತನೆಯವಳಾಗಿ ಬಂದ ಹುಡುಗಿಯ ಕನ್ನಡಕ ಬೆವರಿಗೆ ಜಾರುತ್ತಿತ್ತು. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಎದೆಗಿಟ್ಟಳು. ತೆಗೆಯಲೇ ಇಲ್ಲ. ಕತ್ತಿಗೆ ಸರಿಸಿದಳು, ಮತ್ತೆ ಎದೆಗೆ ತಂದಳು, ಕಣ್ಣು ಮುಚ್ಚಿದಳು. ಪ್ರೊಫೆಸರು ಗಡಿಯಾರ ನೋಡಿಕೊಂಡರು.

ಹೆಂಡತಿ ಸ್ಟೂಲಿನ ತುದಿಗೆ ಸರಿದಳು. ಅವಳು ಚಿಕ್ಕವಳಿದ್ದಾಗ ಅವಳ ತಂದೆ ಸಂಜೆ ಜಗಲಿಯಲ್ಲಿ ಕೂತು ಪದ್ಯ ಓದುತ್ತಿದ್ದರು. ಹತ್ತಾರು ಜನ ಸೇರುತ್ತಿದ್ದರು. ಯಾರು ಕೇಳುತ್ತಿದ್ದಾರೆ, ಯಾರು ಕೇಳಿದಂತೆ ಕೂತಿದ್ದಾರೆ ಎಂಬುದು ಅವಳಿಗೆ ಕತ್ತಿನಿಂದಲೇ ತಿಳಿಯುತ್ತಿತ್ತು. ಕೇಳದವರ ಕತ್ತು ಆಡುತ್ತಿತ್ತು. ಕೇಳುವವರದು ನಿಂತುಬಿಡುತ್ತಿತ್ತು.

ಈ ಹುಡುಗಿಯ ಕತ್ತು ನಿಂತಿತ್ತು.

"ಹೇಳಮ್ಮ, ಊಟದ ಹೊತ್ತಾಯ್ತು," ಎಂದರು ಪ್ರೊಫೆಸರು.

"ಮರ್ಮರ ಇದೆ ಸಾರ್. ಆದ್ರೆ... ತುಂಬಾ ಸಣ್ಣಗಿದೆ. ಒರಟಾಗಿಲ್ಲ."

"ಸಣ್ಣಗಾ?" ಪ್ರೊಫೆಸರು ಪರೀಕ್ಷಕರ ಕಡೆ ತಿರುಗಿ ಹುಬ್ಬೇರಿಸಿದರು. "ಹನ್ನೊಂದು ವರ್ಷದಿಂದ ಇಡೀ ಕಾಲೇಜಿಗೆ ಕೇಳ್ತಿರೋದು ನಿಂಗೊಬ್ಬಳಿಗೆ ಸಣ್ಣಗಾ? ಕಿವಿ ಹಾಸ್ಟೆಲಲ್ಲಿ ಬಿಟ್ಟು ಬಂದ್ಯೇನಮ್ಮ?"

ಸರದಿಗೆ ಕಾದಿದ್ದವರು ಕಿಸಕ್ಕೆಂದರು. ಹುಡುಗಿಯ ಮುಖ ಕೆಂಪಾಯಿತು. ಮಾತು ಮಾತ್ರ ನಿಲ್ಲಲಿಲ್ಲ. "ಕಾಲು ಊದಿದೆ ಸಾರ್. ಕವಾಟ ಸರಿಹೋಗಿ ಸದ್ದು ಕಮ್ಮಿಯಾಗಿರೋದಲ್ಲ. ರಕ್ತ ತಳ್ಳೋಕೆ ಹೃದಯಕ್ಕೇ ಶಕ್ತಿ ಸಾಲ್ತಿಲ್ಲ, ಅದಕ್ಕೇ ಇಳಿದಿದೆ ಅನ್ಸುತ್ತೆ. ಇವರಿಗೆ ಬೇಗ ಆಪರೇಷನ್ ಆಗ್ಬೇಕು."

ಪರೀಕ್ಷಕರು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. ಅದರಲ್ಲಿ ಹಾಗೆ ಇರಲಿಲ್ಲ. ಅಡ್ಡಗೀಟು ಎಳೆದರು. "ಮುಂದಿನವರು."

"ಪಾಪ," ಎಂದ ಗಂಡ. ಉಸಿರೆಳೆದುಕೊಂಡ. "ಆ ಹುಡುಗಿಗೆ." ಮತ್ತೊಮ್ಮೆ ಎಳೆದುಕೊಂಡ. "ಕೇಳಿಸಲಿಲ್ಲ ನೋಡು."

ಹೆಂಡತಿ ಎದ್ದಳು. "ಸಾರ್, ನೀವೊಂದ್ಸಲ ಕಿವಿ ಇಟ್ಟು ನೋಡಿ."

"ಅಮ್ಮ, ಪರೀಕ್ಷೆ ನಡೀತಿದೆ ಇಲ್ಲಿ."

"ಅದಕ್ಕೇ ಹೇಳಿದ್ದು. ನೀವೂ ಬರೀರಿ."

ಪ್ರೊಫೆಸರು ದೊಡ್ಡ ಮನಸ್ಸು ಮಾಡಿ ನಕ್ಕರು. "ನಿಮ್ಮೆಜಮಾನ್ರ ಎದೆ ಹೇಗೆ ಬಡಿಯುತ್ತೆ ಅಂತ ನಾನು ನಿದ್ದೇಲೂ ಹೇಳ್ತೀನಿ."

"ನಿದ್ದೇಲೇ ಹೇಳ್ತಿದೀರಿ."

ಈ ಸಲ ಯಾರೂ ನಗಲಿಲ್ಲ. ಅವಳು ಕೈಚೀಲದಿಂದ ಕಾಗದ ತೆಗೆದು ಮುಂದೆ ಹಿಡಿದಳು. ಪ್ರೊಫೆಸರು ಅದನ್ನು ನೋಡದೆ, "ಇನ್ನೂ ಆರು ಜನ ಇದ್ದಾರೆ," ಎಂದರು. ಅವರ ಕೊರಳಲ್ಲಿ ಸ್ಟೆತಾಸ್ಕೋಪು ಒಡವೆಯಂತೆ ತೂಗುತ್ತಿತ್ತು. ಅವಳು ಒಂದು ಕ್ಷಣ ಅದನ್ನೇ ನೋಡಿದಳು. ಕಾಗದ ಮಡಚಿ ಚೀಲಕ್ಕೆ ಹಾಕಿದಳು. ಬಾಗಿಲ ಬಳಿಯಿದ್ದ ಗಾಲಿಕುರ್ಚಿಯನ್ನು ಹಾಸಿಗೆಯ ಪಕ್ಕಕ್ಕೆ ಎಳೆದಳು. ಅಂಗಿ ತಂದು ಗಂಡನ ತೋಳಿಗೆ ತೂರಿಸತೊಡಗಿದಳು.

"ಏನೇ ಇದು... ಎಲ್ಲರೆದುರು... ಮರ್ಯಾದೆ..."

"ಮರ್ಯಾದೇನೂ ಗಾಲಿಕುರ್ಚಿ ಮೇಲೆ ಹತ್ತಿಸ್ಕೊಳ್ಳಿ. ಜಾಗ ಇದೆ."

"ಸಹಿ ಇಲ್ದೆ ಆ ಕಡೆ ಯಾರೂ ಮುಟ್ಟಲ್ಲಮ್ಮ," ಎಂದರು ಹಿಂದಿನಿಂದ ಪ್ರೊಫೆಸರು.

"ಈ ಕಡೇನೂ ಮುಟ್ಟಲಿಲ್ವಲ್ಲ."

ಹೊರಗಿನ ಬೆಂಚಿನ ಮೇಲೆ ಆ ಹುಡುಗಿ ಕನ್ನಡಕ ತೆಗೆದು ಕೂತಿದ್ದಳು. ಗಾಲಿಕುರ್ಚಿ ಕಂಡು ಎದ್ದು ಬಾಗಿಲು ಹಿಡಿದಳು.

"ನಿನಗೆ ಕೇಳಿಸಿದ್ದು ಖಂಡಿತಾನಾ ಮಗಳೇ?"

"ಹೂಂ ಅಮ್ಮ. ನನ್ನ ಕಿವಿ ಅಂಥಾ ಚುರುಕಲ್ಲ. ಅದಕ್ಕೇ ಎರಡೆರಡು ಸಲ ಕೇಳ್ತೀನಿ."

ಗಾಜಿನ ಸೇತುವೆಯುದ್ದಕ್ಕೂ ದಾನಿಗಳ ಭಾವಚಿತ್ರಗಳಿದ್ದವು, ಎಲ್ಲರೂ ಆರೋಗ್ಯವಾಗಿದ್ದರು. ಅರ್ಧ ದಾರಿಯಲ್ಲಿ ಗಂಡನ ಪ್ರತಿಭಟನೆ ನಿಂತಿತು. ಅವನ ತಲೆ ಅವಳ ಮುಂಗೈಗೆ ವಾಲಿತು. ಅವಳು ನೂಕುವ ವೇಗ ಹೆಚ್ಚಿಸಿದಳು.

ಆಚೆಯ ಆಸ್ಪತ್ರೆಯಲ್ಲಿ ಅಂದು ನೋಡಿದ್ದ ಸರ್ಜನ್ ಇರಲಿಲ್ಲ. ಕಿರಿಯ ವೈದ್ಯನೊಬ್ಬ ಪಾಳಿಯಲ್ಲಿದ್ದ. ಮುಖ ನೋಡುವ ಮೊದಲೇ ಕಾಗದಕ್ಕೆ ಕೈಚಾಚಿದ. "ಕಳಿಸಿದವರ ಸಹಿ ಇರೋ ಕಾಗದ ಎಲ್ಲಮ್ಮ?"

ಅವಳು ಚೀಲವನ್ನು ಬೆನ್ನ ಹಿಂದೆ ಹಿಡಿದಳು. "ಓದೋದು ಆಮೇಲೆ. ಮೊದಲು ಕೇಳಿ."

"ಅಮ್ಮ, ನಿಯಮ..."

"ಕೇಳಿ."

ಸಾಗಹಾಕಿದರೆ ಸಾಕು ಎಂಬಂತೆ ಅವನು ಕಿವಿಗೆ ಸ್ಟೆತಾಸ್ಕೋಪು ಸಿಕ್ಕಿಸಿ ಬಗ್ಗಿದ. ಕಾರಿಡಾರಿನಲ್ಲಿ ನೆಲ ಉಜ್ಜುವ ಯಂತ್ರ ಗೊರಗುಟ್ಟುತ್ತಿತ್ತು. ಕೌಂಟರಿನಲ್ಲಿ ಯಾರೋ ಟೋಕನ್ ಸಂಖ್ಯೆ ಕೂಗುತ್ತಿದ್ದರು. ಅವನು ಬಿಲ್ಲೆಯನ್ನು ಒಂದು ಬೆರಳಿನಷ್ಟು ಸರಿಸಿದ. ಮತ್ತೆ ಸರಿಸಿದ. ಹಿಂತಿರುಗಿ ನೋಡದೆ ಎಡಗೈಯನ್ನು ಮೇಲೆತ್ತಿದ.

ಯಂತ್ರದವನು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ. ಟೋಕನ್ ಕೂಗುವ ದನಿಯೂ ನಿಂತಿತು. ಎತ್ತಿದ ಕೈ ಕೆಳಗಿಳಿಯಲಿಲ್ಲ. ಅವಳು ಅವನ ಕತ್ತನ್ನೇ ನೋಡುತ್ತ ನಿಂತಳು.