ಅತ್ತೆ ಪಾರಿವಾಳ ಕೇಳಿದ ದಿನ

ನಮ್ಮ ಅತ್ತೆ ಶಾಂತಾಬಾಯಿಯ ಎದುರು ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸಿ ಬರಬೇಕು. ಕೊರಳಲ್ಲಿ ಲಿಂಗ, ನಾಲಿಗೆಯ ಮೇಲೆ ವಚನ. ಅಂಥವರು ಮೊನ್ನೆ ಬೀದರಿನ ನಮ್ಮ ಬಾಡಿಗೆ ಮನೆಯ ಗೋಡೆಯಾಚೆ ಕೈಚಾಚಿ, "ಕರೀಮ ಸಾಬ್ರ, ನಿಮ್ಮ ಪಾರಿವಾಳ ಒಂದು ಕೊಡ್ರಿ, ಲಗೂ ಕೊಡ್ರಿ!" ಎಂದು ಕೂಗಿದರು.

ಕಾರಣ ನನ್ನ ಗಂಡ ಪ್ರವೀಣಕುಮಾರ. ಊರಂಚಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಸೋಫಾ ಮಾಡುವ ಕೆಲಸ. ಮಧ್ಯಾಹ್ನ ಊಟಕ್ಕೆ ಬಂದವರು ತೂರಾಡಿ ಹೊಸ್ತಿಲಲ್ಲೇ ಕುಸಿದರು. ನಾಲಿಗೆ ತೊದಲುತ್ತಿತ್ತು. ಹೆಂಡದ ವಾಸನೆಯಿಲ್ಲ; ಅಂಟಿನ ವಾಸನೆ ಇತ್ತು, ಆದರೆ ಅದು ದಿನವೂ ಇರುವುದೇ.

"ಲಕ್ವಾ ಹೊಡದದ!" ಎಂದು ಅತ್ತೆ ಎದೆ ಬಡಿದುಕೊಂಡರು. ಲಕ್ವಾಕ್ಕೆ ಪಾರಿವಾಳದ ಬಿಸಿ ರಕ್ತ ತಿಕ್ಕಬೇಕೆಂದು ತಮ್ಮೂರು ಖಟಕ ಚಿಂಚೋಳಿಯಲ್ಲಿ ಕೇಳಿದ್ದರಂತೆ. ನಾನು ರಕ್ತಕ್ಕೆ ಕಾಯುವವಳಲ್ಲ, ಆಟೊ ಕರೆದೆ. ಅತ್ತೆಯೂ ಹತ್ತಿದರು, ಸೆರಗಿನಲ್ಲಿ ಜೀವಂತ ಪಾರಿವಾಳ.

ಅರ್ಧ ದಾರಿಯಲ್ಲಿ ಇವರು ಕಣ್ಣು ಬಿಟ್ಟು, "ಅವ್ವಾ, ಖರೇನೇ ತಂದಿಯೇನ ಇದನ್ನ?" ಎಂದರು. ಮಾತು ಸ್ಪಷ್ಟವಾಗಿತ್ತು. ಹೋದ ಜೀವ ಬಂದಂತಾಯಿತು.

ದವಾಖಾನೆಯಲ್ಲಿ ಡಾಕ್ಟರಮ್ಮ ಎದೆ ಪರೀಕ್ಷಿಸಿ, ಅಂಗಿ ಮೂಸಿ, ನೇರವಾಗಿ ಕೇಳಿದರು, "ಅಂಟು ಮೂಸ್ತೀರೇನು?"

ಇವರು ತಲೆ ತಗ್ಗಿಸಿದರು. "ಬಟ್ಟಿಗೆ ಹಚ್ಚಿ ಮೂಸಿದೆ ರೀ. ತಲಿ ಹಗುರ ಆಗ್ತದ ಅಂತ."

"ಲಕ್ವಾ ಅಲ್ರೀ ಅಮ್ಮ," ಎಂದರು ಡಾಕ್ಟರಮ್ಮ ಅತ್ತೆಗೆ. "ಅದರ ಘಾಟು ತಲಿಗೇರಿದ್ರ ಮಾತು, ನಡಿಗಿ ಎರಡೂ ತಪ್ತಾವ. ಸ್ವಲ್ಪ ಹೊತ್ತಿಗೆ ಇಳೀತದ. ಆದ್ರ ಒಮ್ಮೊಮ್ಮೆ ಎದಿ ಬಡಿತಾನೇ ನಿಂತುಬಿಡ್ತದ, ಮೊದಲನೇ ಸಲ ಮೂಸಿದವ್ರಿಗೂ. ಈಗ ಎಲ್ಲಾ ಬರೋಬರಿ ಅದ. ಇವತ್ತ ನಿಮ್ಮ ಮಗನ ನಸೀಬ ಛಲೋ ಇತ್ತು."

ಎರಡು ಬಾರಿಸೋಣವೆನ್ನಿಸಿತು ನನಗೆ. ಅಷ್ಟರಲ್ಲಿ ಅಳು ಬಂತು, ಅಳುವಿನ ಹಿಂದೆಯೇ ನಗು.

ಹೊರಗೆ ಬೇವಿನ ನೆರಳಿನಲ್ಲಿ ಇವರು ಅತ್ತೆಯ ಕೈಹಿಡಿದರು. "ಅವ್ವಾ, ಮನ್ಯಾಗ ನನಗ ಎಲ್ಲಾ ಕೇಳಸ್ತಿತ್ತು. ನಾಲಿಗಿ ಹೊರಳಲಿಲ್ಲ. ನೀ ಪಾರಿವಾಳ ಕೇಳ್ದಾಗ ತಿಳೀತು, ನಾ ಸಾಯ್ಲಕತ್ತೀನಿ ಅಂತ. ನಿನ್ನ ಆಣಿ, ಇನ್ನ ಆ ಬಟ್ಟಿ ಮುಟ್ಟಂಗಿಲ್ಲ."

"ಆಣಿ ಬ್ಯಾಡ," ಎಂದರು ಅತ್ತೆ. ಇನ್ನೊಂದು ಕೈಯಿಂದ ಸೆರಗಿನೊಳಗಿನ ಪಾರಿವಾಳದ ಬೆನ್ನು ಸವರಿದರು. "ಕೊರಳಾಗ ಲಿಂಗ ಇಟ್ಕೊಂಡು ಇವತ್ತ ನಾ ಒಂದು ಜೀವ ಕೊಯ್ಲಕ ತಯಾರಾಗಿದ್ದೆ, ಪ್ರವೀಣ. ಅಷ್ಟು ನೆನಪಿಡು, ಸಾಕು."