ನವೆಂಬರ್ ನಾಲ್ಕು, ಮತ್ತೆ ವಿಚಾರಿಸಬೇಕು

ಗಫ್ಸಾ ಊರಿನ ಮಬ್ರೂಕಾ ರಸಾಯನಶಾಸ್ತ್ರ ಓದಿ ಮುಗಿಸಿ ಒಂಬತ್ತು ವರ್ಷವಾಗಿತ್ತು. ಕೆಲಸ ಮಾತ್ರ ಕೈಗೆ ಹತ್ತಿರಲಿಲ್ಲ. ಅರ್ಜಿ ಹಾಕಿದ್ದನ್ನೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು: ಯಾವ ಊರು, ಮಾತಾಡಿದವರು ಯಾರು, ಏನಂದರು, ಮತ್ತೆ ಯಾವಾಗ ಕೇಳಬೇಕು. ನಾಲ್ಕು ನೋಟ್‌ಬುಕ್ ತುಂಬಿದ್ದವು. ಅವುಗಳಲ್ಲಿ ಅರ್ಧ ಅವಳ ಅಕ್ಷರ, ಅರ್ಧ ಜೊತೆಗೇ ಓದಿ ಜೊತೆಗೇ ಕೆಲಸ ಹುಡುಕುತ್ತಿದ್ದ ಗೆಳತಿ ನಜಾತಳದು.

ಬಂದರು ಊರಾದ ಸ್ಫಾಕ್ಸಿನಲ್ಲಿ ಆಲಿವ್ ಎಣ್ಣೆ ಪರೀಕ್ಷಿಸುವ ಪ್ರಯೋಗಾಲಯವೊಂದಕ್ಕೆ ಜನ ಬೇಕೆಂದು ಪತ್ತೆಹಚ್ಚಿದವಳು ಮಬ್ರೂಕಾ. ಸಾಕಪ್ಪಾ ಸಾಕು ಎಂದು ಕೈಚೆಲ್ಲಿ ಕೂತಿದ್ದ ನಜಾತಳಿಂದ ಕೊನೆಯ ದಿನ ಅರ್ಜಿ ಹಾಕಿಸಿದವಳೂ ಅವಳೇ. ಇಬ್ಬರೂ ಅರ್ಜಿ ಹಾಕಿದ್ದರೂ ಕೆಲಸ ನಜಾತಳಿಗೆ ಮಾತ್ರ ಸಿಕ್ಕಿತು. ಹೊರಡುವ ಮುಂಚೆ ನಜಾತ್ ಐದನೆಯ ನೋಟ್‌ಬುಕ್ಕಿನ ಮೊದಲ ಸಾಲು ಬರೆದುಕೊಟ್ಟಳು: ‘ಸ್ಫಾಕ್ಸ್, ಮೋಂಜಿಯಾ ಮೇಡಂ. ಮುಂದಿನ ಎಣ್ಣೆ ಸುಗ್ಗಿಗೆ ವಿಚಾರಿಸಿ ಅಂದರು. ನವೆಂಬರ್ 4.’ ಬಸ್ಸು ಹತ್ತುವಾಗ ತಲೆ ಎತ್ತಿ ನೋಡಲಿಲ್ಲ. ಆಮೇಲೆ ವರ್ಷವಿಡೀ ಇಬ್ಬರ ನಡುವೆ ಮಾತಿಲ್ಲ.

ಅಂಚೆ ಕಚೇರಿ ಎದುರಿನ ಚಹಾ ಅಂಗಡಿಯಲ್ಲಿ ಒಬ್ಬಳೇ ಕೂತಾಗ ಮಬ್ರೂಕಾಳಿಗೆ ತಾನು ಕಾಣದ ಆ ಪ್ರಯೋಗಾಲಯ ಕಣ್ಣಿಗೆ ಕಟ್ಟುತ್ತಿತ್ತು: ಗಾಜಿನ ಕೊಳವೆಯಲ್ಲಿ ಹಸಿರು ಎಣ್ಣೆ, ಬಿಳಿ ಕೋಟು ತೊಟ್ಟ ನಜಾತ್. ಅದು ಹೊಟ್ಟೆಕಿಚ್ಚೋ ಹಂಬಲವೋ ಅವಳಿಗೇ ತಿಳಿಯುತ್ತಿರಲಿಲ್ಲ.

ನವೆಂಬರ್ ನಾಲ್ಕು ಬಂತು. ಮಬ್ರೂಕಾ ಫೋನು ಮುಂದಿಟ್ಟುಕೊಂಡು ಕೂತಳು.

“ಏನೇ, ಫೋನಿಗೆ ದೃಷ್ಟಿ ತೆಗೀತಿದ್ದೀಯಾ?” ಊಟಕ್ಕೆ ಕುಸ್‌ಕುಸ್ ರವೆ ಜರಡಿ ಹಿಡಿಯುತ್ತಿದ್ದ ತಾಯಿ ಕೇಳಿದಳು.

“ನಜಾತ್ ಇರೋ ಕಡೆನೇ ಹೋಗಿ ಕೈ ಚಾಚ್ಬೇಕಲ್ಲಮ್ಮ.”

“ನಾಚ್ಕೊಂಡು ಕೂತ್ರೆ ಕೆಲ್ಸ ಮನೆ ಹುಡುಕ್ಕೊಂಡು ಬರತ್ತಾ? ಮಾಡೇ ಮಹಾರಾಯ್ತಿ!”

ಮಾಡಿದಳು. ಹೆಸರು ಹೇಳುತ್ತಲೇ ಆ ಕಡೆ ಪ್ರಯೋಗಾಲಯದ ಮೋಂಜಿಯಾ ನಕ್ಕರು.

“ಅಂತೂ ಮಾಡಿದ್ರಲ್ಲ! ಹದಿನೈದು ದಿನ ನಜಾತ್ ನನ್ನ ತಲೆ ತಿಂದ್ಬಿಟ್ಲು. ‘ನನ್ನ ಜಾಗಕ್ಕೆ ಯಾರನ್ನೂ ತಗೋಬೇಡಿ, ನಾಲ್ಕನೇ ತಾರೀಕು ಒಂದು ಫೋನ್ ಬರತ್ತೆ, ಅವಳು ತಾರೀಕು ತಪ್ಪಿಸೋಳಲ್ಲ’ ಅಂತ.”

“ಅವಳ ಜಾಗ? ಅವಳೆಲ್ಲಿ ಮೇಡಂ?”

“ನಿಮ್ಗೆ ಗೊತ್ತಿಲ್ವಾ? ಮದುವೆಯಾಗಿ ಮೊನ್ನೆ ಸಮುದ್ರದಾಚೆ ಮಾರ್ಸೇಲ್ಸಿಗೆ ಹೋದ್ಲು. ನೀವು ಗುರುವಾರ ಬನ್ನಿ. ಸದ್ಯಕ್ಕೆ ಮೂರು ತಿಂಗಳು.”

ಮೋಂಜಿಯಾರಿಂದಲೇ ಹೊಸ ನಂಬರು ಪಡೆದು ಮಬ್ರೂಕಾ ಆಗಲೇ ಗೆಳತಿಗೆ ಫೋನ್ ಮಾಡಿದಳು.

“ಒಂದು ಮಾತು ಹೇಳ್ದೆ ಹೋದ್ಯಲ್ಲೇ, ಕಳ್ಳಿ!”

“ಯಾವ ಮುಖ ಇಟ್ಕೊಂಡು ಹೇಳ್ಲಿ? ನೀನು ಹುಡುಕಿದ್ದ ಅನ್ನ ನಾನುಂಡೆ,” ಎಂದಳು ನಜಾತ್.

“ಹುಚ್ಚಿ. ನಂಗೆ ಬೇಕಿದ್ದಿದ್ದು ಇಬ್ರೂ ಒಂದೇ ಕಡೆ ಕೆಲ್ಸ ಮಾಡೋದು ಕಣೇ.”

ನಜಾತ್ ಅಳತೊಡಗಿದಳು. ಮಬ್ರೂಕಾ ಅವಳನ್ನು ಸಮಾಧಾನ ಮಾಡಲಿಲ್ಲ. ತಾನೂ ಅಳುತ್ತಿದ್ದಳು.

ಮೂರು ತಿಂಗಳ ಕೆಲಸ ವಸಂತದ ಹೊತ್ತಿಗೆ ಖಾಯಮಾಯಿತು. ಪ್ರಯೋಗಾಲಯದ ಕಿಟಕಿಯಿಂದ ಬಂದರು ಕಾಣುತ್ತಿತ್ತು. ಉತ್ತರಕ್ಕೆ, ಮಾರ್ಸೇಲ್ಸಿನ ದಿಕ್ಕಿಗೆ ಹೊರಟ ಹಡಗು ಕಣ್ಣಿಗೆ ಬಿದ್ದರೆ ಮಬ್ರೂಕಾ ಕೈಯ ಕೊಳವೆ ಕೆಳಗಿಟ್ಟು, ಅದು ಮರೆಯಾಗುವವರೆಗೂ ನೋಡುತ್ತ ನಿಲ್ಲುತ್ತಿದ್ದಳು.