ದಿನಕ್ಕೆ ನಲವತ್ತು ಡಿಯರ್ ಸರ್

ನನ್ನ ಗಂಡ ಗಡಿಯಾರ ರಿಪೇರಿ ಮಾಡುತ್ತಾನೆ. ಅವನಿಗೆ ಕನ್ನಡ ಬಾರದು, ನನಗೆ ಅವನ ಭಾಷೆ ಬಾರದು. ಹಾಗಾಗಿ ನಮ್ಮ ಸಂಸಾರ ಸಾಗುವುದು ಇಂಗ್ಲಿಷಿನಲ್ಲಿ, ಜಗಳವೂ ಸೇರಿ. ನಾನು ಅದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವಳು. ಬರೆದದ್ದಕ್ಕೆಲ್ಲ ಅರ್ಥ ಇರಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ. ಅವನು ಮೂವತ್ತು ದಾಟಿದ ಮೇಲೆ ಕಲಿತವನು. ಒಂದೊಂದು ಮಾತನ್ನೂ ಭೂತಗನ್ನಡಿ ಹಿಡಿದು ನೋಡುತ್ತಾನೆ.

ಲಿಫ್ಟ್ ಕಂಪನಿಯೊಂದರಲ್ಲಿ ದೂರುಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಒಂದು ದಿನ ಊಟದ ಡಬ್ಬಿ ಕೊಡಲು ಬಂದವನು ಮೇಜಿನ ಮೇಲಿದ್ದ ಕಾಗದಗಳನ್ನು ಓದಿಬಿಟ್ಟ.

"ಯಾರಿವನು, ಡಿಯರ್ ಸರ್?"

"ಮೂರನೇ ಮಹಡೀಲಿ ಸಿಕ್ಕಿಹಾಕ್ಕೊಂಡಿದ್ದೋನು."

"ಅವನಿಗೆ ನೀನು ಯುವರ್ಸ್ ಫೇತ್‌ಫುಲಿನಾ? ನಿಷ್ಠೆಯಿಂದ ಅವನೋಳಾ?"

"ಎಲ್ರಿಗೂ ಹಾಗೇ ಬರಿಯೋದು. ದಿನಕ್ಕೆ ನಲವತ್ತು ಜನಕ್ಕೆ!"

ಸಮಾಧಾನ ಮಾಡಲು ಹೋಗಿ ಉರಿಯುವ ಬೆಂಕಿಗೆ ತುಪ್ಪ ಸುರಿದೆ. ಮನೆಯ ಬಾಗಿಲಿಗೆ ನಾನು ಅಂಟಿಸಿದ ಚೀಟಿಗಳನ್ನೆಲ್ಲ ಅವನು ಜೋಪಾನವಾಗಿ ಎತ್ತಿಟ್ಟಿದ್ದನಂತೆ. ಅಂದು ಸಂಜೆ ತಂದು ಮುಂದೆ ಹರಡಿದ. 'ಗ್ಯಾಸ್ ಮುಗಿದಿದೆ.' 'ನಲ್ಲಿ ಸೋರುತ್ತಿದೆ, ನೋಡು.' ಎರಡು ವರ್ಷದಲ್ಲಿ ಒಂದರಲ್ಲೂ ಡಿಯರ್ ಇಲ್ಲ, ನಿನ್ನವಳು ಎಂದೂ ಇಲ್ಲ. ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ತನ್ನ ರಿಪೇರಿ ಅಂಗಡಿಯಲ್ಲೇ ಮಲಗಲು ಹೊರಟುಹೋದ.

ನನಗೂ ಮೂಗಿನ ತುದಿಯಲ್ಲೇ ಕೋಪ. ಹೋಗಲಿ ಬಿಡು, ಹಸಿವಾದರೆ ತಾನೇ ಬರುತ್ತಾನೆ ಅಂದುಕೊಂಡೆ. ಬರಲಿಲ್ಲ. ವಾರ ಕಳೆಯಿತು. ನನಗೇ ಅನ್ನ ಸೇರದಂತಾಯಿತು. ಇವನು ಇನ್ನು ಬರುವುದೇ ಇಲ್ಲವೇನೋ ಎಂದು ನಿಜಕ್ಕೂ ಹೆದರಿದೆ.

ಒಂಬತ್ತನೇ ದಿನ ಆಫೀಸಿಗೆ ಅವನದೇ ದೂರು ಬಂತು. 'ಡಿಯರ್ ಮೇಡಂ, ನನ್ನ ಹೆಂಡತಿ ಕೆಟ್ಟು ನಿಂತಿದ್ದಾಳೆ. ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಇಳಿಯುವುದಿಲ್ಲ. ಕೂಡಲೇ ಯಾರನ್ನಾದರೂ ಕಳಿಸಿ.'

ಮ್ಯಾನೇಜರು ಅದರ ಮೇಲೆ ಕಣ್ಣಾಡಿಸಿದರು. ಅವರು ದೂರಿನ ನಂಬರ್ ನೋಡುವವರೇ ಹೊರತು ದೂರನ್ನಲ್ಲ.

"ಲಿಫ್ಟ್ ಹಾಕಿ ಎಷ್ಟು ವರ್ಷ ಆಯ್ತಂತೆ?"

"ಎರಡು ವರ್ಷ ಸಾರ್."

"ವಾರಂಟಿ ಒಳಗೇ ಇದೆಯಲ್ರೀ! ಮೊದಲು ಉತ್ತರ ಬರೀರಿ."

ಡಿಯರ್ ಸರ್ ಎಂದು ಟೈಪ್ ಮಾಡಿದೆ. ಕೈ ಅಲ್ಲೇ ನಿಂತಿತು. ಊರಿಗೆಲ್ಲ ಬಡಿಸಿದ ಎಂಜಲನ್ನು ಅವನಿಗೆ ಹೇಗೆ ಇಡುವುದು? ಅಳಿಸಿ ಬೇರೆ ಹುಡುಕಿದೆ. ನನಗೆ ಗೊತ್ತಿದ್ದ ಇಂಗ್ಲಿಷೆಲ್ಲ ಯಾರಿಗೋ ಒಬ್ಬರಿಗೆ ಆಗಲೇ ಹೋಗಿತ್ತು. 'ಸ್ಥಳ ಪರಿಶೀಲನೆ' ಎಂದು ರಿಜಿಸ್ಟರಿನಲ್ಲಿ ಬರೆದು ಹೊರಟೆ.

ಅಂಗಡಿಯಲ್ಲಿ ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದ. ಗಡ್ಡ ಬೆಳೆದಿತ್ತು.

"ಕಂಪನಿಯಿಂದ ಬಂದಿದ್ದೀನಿ," ಎಂದೆ ಇಂಗ್ಲಿಷಿನಲ್ಲಿ.

"ಒಂಬತ್ತು ದಿನ ತಡ," ಎಂದ.

ಅಷ್ಟಕ್ಕೇ ನನ್ನ ಇಂಗ್ಲಿಷ್ ಮುಗಿಯಿತು. ಬಾಯಿಗೆ ಬಂದದ್ದು ಕನ್ನಡ. "ನೀನಿಲ್ದೆ ನನ್ ಕೈಲಿ ಆಗಲ್ಲ ಕಣೋ. ಮನೆಗೆ ಬಾರೋ."

ಅವನು ಮಸೂರ ತೆಗೆದು ನನ್ನನ್ನು ನೋಡಿದ.

"ಇದನ್ನ ಎಷ್ಟು ಜನಕ್ಕೆ ಹೇಳಿದ್ದೀಯ?"

"ಯಾರಿಗೂ ಇಲ್ಲ."

ಅರ್ಥವೇನೆಂದು ಅವನು ಕೇಳಲೇ ಇಲ್ಲ. ಎದ್ದು, ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಬಂದು ಅಂಗಡಿಯ ಶಟರ್ ಎಳೆದ.